ಕಿಮೋ ಚೀಟಿಯಲ್ಲಿ ಸಿಸ್‌ಪ್ಲಾಟಿನ್ ಇನ್ನೂ ಏಕಿದೆ?

"ಹೊಸಾದು ಬಂದದಂತಲ್ರೀ, ಡಾಕ್ಟರು ಹಳೀದೇ ಯಾಕ ಹಚ್ಚತಾರ?" ಕಲಬುರಗಿಯಲ್ಲಿ ಕ್ಯಾನ್ಸರ್‌ಗೆ ಕಿಮೋ ತಗೊಳ್ಳಲು ಬಂದವರ ಮನೆಯವರು ಹೀಗೆ ಕೇಳುವುದುಂಟು. ಒಬ್ಬರಿಗೆ ಸಿಸ್‌ಪ್ಲಾಟಿನ್, ಪಕ್ಕದ ಮಂಚದವರಿಗೆ ಕಾರ್ಬೊಪ್ಲಾಟಿನ್. ಮೊದಲನೆಯವರಿಗೆ ಬಾಟಲಿ ಮೇಲೆ ಬಾಟಲಿ ಸಲೈನ್ ಹಚ್ಚಿ ತಾಸುಗಟ್ಟಲೆ ಮಲಗಿಸುತ್ತಾರೆ. ಎರಡನೆಯವರ ಔಷಧ ಸುಮಾರು ಒಂದು ತಾಸಿನಲ್ಲಿ ಇಳಿದುಹೋಗುತ್ತದೆ. ಕಾರ್ಬೊ ಸುಧಾರಿಸಿದ್ದು, ಸಿಸ್ ಬಡವರ ಪಾಲಿನದು ಎಂಬ ಗುಮಾನಿ ಹುಟ್ಟುವುದು ಇಲ್ಲಿಂದಲೇ. ಅದು ಸರಿಯಲ್ಲ.

ಎರಡೂ ಪ್ಲಾಟಿನಂನಿಂದಾದವು. ಸಿಸ್‌ಪ್ಲಾಟಿನ್ ಅನ್ನು ಇಟಲಿಯ ಮಿಕೆಲೆ ಪೆಯ್ರೋನೆ 1844ರಲ್ಲೇ ತಯಾರಿಸಿದ್ದ. ಅದರಿಂದ ರೋಗಿಗೇನು ಉಪಯೋಗ ಎಂಬುದು ನೂರಿಪ್ಪತ್ತು ವರ್ಷ ಯಾರಿಗೂ ಹೊಳೆದಿರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾ ಬೆಳೆದ ದ್ರಾವಣಕ್ಕೆ ವಿದ್ಯುತ್ ಹಾಯಿಸಿ ನೋಡಿದರು. ಬ್ಯಾಕ್ಟೀರಿಯಾ ಒಡೆದು ಎರಡಾಗುವುದನ್ನು ಬಿಟ್ಟು ದಾರದಂತೆ ಉದ್ದಕ್ಕೆ ಬೆಳೆದವು. ವಿದ್ಯುತ್ತಿನ ಪ್ರಭಾವ ಅಂದುಕೊಂಡರೆ, ಕೆಲಸ ಮಾಡಿದ್ದು ತಂತಿಯ ತುದಿಯಿಂದ ಕರಗಿ ಬಂದ ಪ್ಲಾಟಿನಂ! ಜೀವಕೋಶ ಇಬ್ಭಾಗವಾಗುವುದನ್ನು ತಡೆಯುವ ವಸ್ತುವಾದರೆ ಗಡ್ಡೆಯನ್ನೂ ತಡೆಯಬಹುದಲ್ಲ? ಇಲಿಗಳಲ್ಲಿ ಅದು ನಿಜವಾಯಿತು. 1978ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ದೇಹದೆಲ್ಲೆಡೆ ಹರಡಿದ ವೃಷಣದ ಕ್ಯಾನ್ಸರ್ ಕೂಡ ವಾಸಿಯಾಗತೊಡಗಿತು.

ಆದರೆ ರೋಗಿಗಳು ಪಟ್ಟ ಪಾಡು ದೊಡ್ಡದು. ನಿಲ್ಲದ ವಾಂತಿ, ಕಿವಿಯಲ್ಲಿ ಗುಂಯ್‌ಗುಡುವುದು, ಅಂಗಾಲು ಜೋಮು ಹಿಡಿಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಕಿಡ್ನಿಗೆ ಪೆಟ್ಟು. ಸಲೈನ್ ಹರಿಸಿ ಕಿಡ್ನಿ ಉಳಿಸುವ ಕ್ರಮ ಬಂದದ್ದು ಆಗಲೇ. ಈಗಲೂ ಅಷ್ಟು ಹೊತ್ತು ಮಲಗಿಸುವುದು ಅದಕ್ಕಾಗಿಯೇ.

ಕಾರ್ಬೊಪ್ಲಾಟಿನ್ ಹುಟ್ಟಿದ್ದು ಈ ಸಂಕಟದಿಂದ. ಲಂಡನ್ನಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ರಾಯಲ್ ಮಾರ್ಸ್‌ಡನ್ ಆಸ್ಪತ್ರೆ ಮತ್ತು ಜಾನ್ಸನ್ ಮ್ಯಾಥಿ ಕಂಪನಿ ಕೂಡಿ ಅಣುವಿನ ಒಂದು ಭಾಗ ಬದಲಿಸಿದವು. ಪ್ಲಾಟಿನಂ ಅದೇ, ಅದು ಬಿಡುಗಡೆಯಾಗುವ ವೇಗ ಮಾತ್ರ ಕಡಿಮೆಯಾಯಿತು. ಕಿಡ್ನಿ, ಕಿವಿ ಬಹುಮಟ್ಟಿಗೆ ಬಚಾವ್, ವಾಂತಿಯೂ ಕಡಿಮೆ. ಪೆಟ್ಟು ಈಗ ಅಸ್ಥಿಮಜ್ಜೆಗೆ ಬಿತ್ತು, ಪ್ಲೇಟ್‌ಲೆಟ್ ಕುಸಿಯತೊಡಗಿದವು. 1989ರಲ್ಲಿ ಹಿಲರಿ ಕ್ಯಾಲ್ವರ್ಟ್ ತಂಡ ಕಿಡ್ನಿಯ ಸೋಸುವ ಶಕ್ತಿ ನೋಡಿ ಡೋಸ್ ಕಟ್ಟುವ ಸೂತ್ರ ಕೊಟ್ಟಿತು: ಆ ಅಂಕಿಗೆ 25 ಕೂಡಿಸಿ, ರಕ್ತದಲ್ಲಿ ಔಷಧ ಎಷ್ಟಿರಬೇಕೋ ಆ ಮಟ್ಟದಿಂದ ಗುಣಿಸಬೇಕು. ಸೋಸುವ ಶಕ್ತಿ 75, ಮಟ್ಟ 5 ಆದರೆ 500 ಮಿಲಿಗ್ರಾಂ. ಸಿಸ್‌ಪ್ಲಾಟಿನ್ ಲೆಕ್ಕ ಹಾಗಲ್ಲ, ಎತ್ತರ ಮತ್ತು ತೂಕದಿಂದ ದೇಹದ ಮೇಲ್ಮೈ ಅಳೆದು ಹಾಕುವುದು.

ಹಾಗಿದ್ದರೆ ಎಲ್ಲರಿಗೂ ಕಾರ್ಬೊ ಕೊಡಬಹುದಲ್ಲ? ಅಂಡಾಶಯದ ಕ್ಯಾನ್ಸರ್‌ನಲ್ಲಿ ಕೊಡುತ್ತಾರೆ. ಅದು ಸಿಸ್‌ಪ್ಲಾಟಿನ್‌ಗೆ ಕಡಿಮೆಯಿಲ್ಲ ಎಂದು 2003ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ವೃಷಣದ ಕ್ಯಾನ್ಸರ್‌ನಲ್ಲಿ ಅದೇ ಬದಲಾವಣೆ ಮಾಡಿ ನೋಡಿದಾಗ ಫಲಿತಾಂಶ ಕೆಟ್ಟಿತು. ಗುಟ್ಕಾ, ತಂಬಾಕು ಬಿಡದ ನಮ್ಮ ಭಾಗಕ್ಕೆ ಮುಖ್ಯವಾದದ್ದು ಬಾಯಿ, ಗಂಟಲಿನ ಕ್ಯಾನ್ಸರ್. ಅಲ್ಲಿ ಕರೆಂಟಿನ (ರೇಡಿಯೇಶನ್ ಚಿಕಿತ್ಸೆಯ) ಜೊತೆ ಕೊಡುವ ಔಷಧದಲ್ಲಿ ಸಿಸ್‌ಪ್ಲಾಟಿನ್‌ಗೇ ಮೊದಲ ಸ್ಥಾನ. ಮುಂಬೈನ ಟಾಟಾ ಮೆಮೋರಿಯಲ್ 2018ರಲ್ಲಿ ಪ್ರಕಟಿಸಿದ 300 ರೋಗಿಗಳ ಅಧ್ಯಯನದಲ್ಲಿ, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ವಾರಕ್ಕೊಮ್ಮೆ ಕೊಟ್ಟ 30 ಮಿಲಿಗ್ರಾಂಗಿಂತ ಮೂರು ವಾರಕ್ಕೊಮ್ಮೆ ಕೊಟ್ಟ 100 ಮಿಲಿಗ್ರಾಂ ರೋಗವನ್ನು ಚೆನ್ನಾಗಿ ಹಿಡಿದಿಟ್ಟಿತು, ತೊಂದರೆಯನ್ನೂ ಹೆಚ್ಚಿಸಿತು. ಗರ್ಭಕಂಠದ ಕ್ಯಾನ್ಸರ್‌ಗೂ ಕರೆಂಟಿನ ಜೊತೆ ವಾರಕ್ಕೊಮ್ಮೆ ಇದೇ ಔಷಧ.

ಬಡವರ ಔಷಧ ಅನ್ನುವವರಿಗೆ ಒಂದು ಮಾತು. 2022ರ ಕೊನೆಗೆ ಈ ಔಷಧ ತಯಾರಿಸುವ ಇಂಟಾಸ್ ಕಂಪನಿಯ ಅಹಮದಾಬಾದ್ ಬಳಿಯ ಕಾರ್ಖಾನೆಯಲ್ಲಿ ಅಮೆರಿಕದ ತಪಾಸಕರು ಲೋಪ ಕಂಡು, ತಯಾರಿಕೆ ನಿಂತಿತು. ಮರುವರ್ಷ ಅಮೆರಿಕದ ದೊಡ್ಡ ಆಸ್ಪತ್ರೆಗಳೇ ಈ ಎರಡೂ ಔಷಧಕ್ಕೆ ಪರದಾಡಿದವು.

ಕಲಬುರಗಿಯಲ್ಲಿ ನಿಜವಾದ ಕಷ್ಟ ಬೇಸಿಗೆಯದು. 42 ಡಿಗ್ರಿ ಬಿಸಿಲು, ಕರೆಂಟಿನಿಂದ ಹುಣ್ಣಾದ ಗಂಟಲು, ನೀರು ಇಳಿಯುವುದಿಲ್ಲ. ಮೈ ಒಣಗಿದರೆ ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ, ಅಂದರೆ ಕಿಡ್ನಿ ಸರಿಯಾಗಿ ಸೋಸುತ್ತಿಲ್ಲ ಎಂಬ ಸೂಚನೆ. ವೈದ್ಯರು ಸಿಸ್‌ಪ್ಲಾಟಿನ್ ನಿಲ್ಲಿಸಿ ಕಾರ್ಬೊ ಅಥವಾ ಬೇರೊಂದು ಔಷಧಕ್ಕೆ ಹೋಗುವ ಒಂದು ಕಾರಣ ಇದು. ಮೆಡಿಕಲ್ ಅಂಗಡಿಯಿಂದ ತಾವೇ ತಂದು ನುಂಗುವ ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆಯೂ ಕಿಡ್ನಿಯನ್ನು ಇನ್ನಷ್ಟು ಹಾಳು ಮಾಡುತ್ತದೆ. ಕಿಮೋಗೆ ಹೋದಾಗ ಅದನ್ನೂ, ಕಿವಿ ಮಂದವಾಗಿದ್ದರೆ ಅದನ್ನೂ ಡಾಕ್ಟರಿಗೆ ಮೊದಲೇ ಹೇಳಬೇಕು. ಯಾವ ಪ್ಲಾಟಿನಂ ಎಂಬ ತೀರ್ಮಾನಕ್ಕೆ ಅವರಿಗೆ ಇವೆಲ್ಲ ಬೇಕಾಗುತ್ತವೆ.