ಪೆಟ್ರೋಲ್ ಟ್ಯಾಂಕಿನ ಮುಚ್ಚಳ: ಬಿಗಿಯಾಗಿಯೂ ಇರಬೇಕು, ಉಸಿರಾಡಲೂ ಬೇಕು

ಬಿಸಿಲಲ್ಲಿ ನಿಂತ ಕಾರಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಕೆಲವೊಮ್ಮೆ ‘ಸ್ಸ್’ ಎಂಬ ಸದ್ದು ಬರುತ್ತದೆ. ಏನೋ ಕೆಟ್ಟಿರಬೇಕೆಂದು ಗಾಬರಿಪಡುವವರಿದ್ದಾರೆ. ಸಣ್ಣ ಸದ್ದಾದರೆ ಗಾಬರಿ ಬೇಕಿಲ್ಲ. ಟ್ಯಾಂಕಿನ ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ವ್ಯತ್ಯಾಸವಿತ್ತು, ಮುಚ್ಚಳ ಅದನ್ನು ಹಿಡಿದಿಟ್ಟಿತ್ತು, ಅಷ್ಟೆ.

ಈ ಒತ್ತಡ ಎಲ್ಲಿಂದ ಬರುತ್ತದೆ? ಪೆಟ್ರೋಲ್ ಒಂದೇ ವಸ್ತುವಲ್ಲ. 4ರಿಂದ 12 ಇಂಗಾಲದ ಪರಮಾಣುಗಳಿರುವ ನೂರಾರು ಹೈಡ್ರೋಕಾರ್ಬನ್‌ಗಳು ಅದರಲ್ಲಿ ಬೆರೆತಿವೆ. ಅವುಗಳಲ್ಲಿ ಹಗುರವಾದವು ಮಹಾ ಚಂಚಲ. ಪೆಂಟೇನ್ ಕುದಿಯಲು 36 ಡಿಗ್ರಿ ಸೆಲ್ಸಿಯಸ್ ಸಾಕು. ಉಷ್ಣತೆ 20ರಿಂದ 40 ಡಿಗ್ರಿಗೆ ಏರಿದರೆ ಪೆಟ್ರೋಲಿನ ಆವಿಯ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಅಷ್ಟೇ ಬಿಸಿಗೆ 50 ಲೀಟರ್ ಪೆಟ್ರೋಲ್ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ಹಿಗ್ಗುತ್ತದೆ ಕೂಡ. ಟ್ಯಾಂಕನ್ನು ಕಂಠಮಟ್ಟ ತುಂಬಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಒಂದು ಕಾಲದಲ್ಲಿ ಈ ಆವಿಯನ್ನು ಗಾಳಿಗೆ ಬಿಟ್ಟುಬಿಡುತ್ತಿದ್ದರು. ಮುಚ್ಚಳದಲ್ಲೇ ಪುಟ್ಟ ರಂಧ್ರ ಇರುತ್ತಿತ್ತು. ಲಾಸ್ ಏಂಜಲೀಸ್ ನಗರದಲ್ಲಿ ಜನರ ಕಣ್ಣು ಉರಿಸುತ್ತಿದ್ದ ಹೊಗೆಮಂಜಿನ ಮೂಲ ಹುಡುಕುತ್ತಿದ್ದ ರಸಾಯನ ವಿಜ್ಞಾನಿ ಆರೀ ಹಾಗೆನ್-ಸ್ಮಿತ್, ಹೈಡ್ರೋಕಾರ್ಬನ್ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ವರ್ತಿಸಿ ಓಝೋನ್ ಹುಟ್ಟುತ್ತದೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅಂದರೆ ಹೊಗೆ ಕೊಳವೆಯಷ್ಟೇ ಅಲ್ಲ, ಸುಮ್ಮನೆ ನಿಂತ ಕಾರಿನ ಟ್ಯಾಂಕೂ ಗಾಳಿ ಕೆಡಿಸುತ್ತದೆ. 1970ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾದಲ್ಲಿ, ಮರುವರ್ಷ ಇಡೀ ಅಮೆರಿಕದಲ್ಲಿ, ಟ್ಯಾಂಕಿನ ಆವಿಯನ್ನು ಹಿಡಿದಿಡುವುದು ಕಡ್ಡಾಯವಾಯಿತು.

ಹಿಡಿದಿಡುವ ಕೆಲಸ ಇದ್ದಿಲಿನದು. ಟ್ಯಾಂಕಿಗೆ ಕೊಳವೆಯಿಂದ ಜೋಡಿಸಿದ ಒಂದು ಡಬ್ಬಿಯಲ್ಲಿ ಸಕ್ರಿಯ ಇದ್ದಿಲು ತುಂಬಿರುತ್ತದೆ. ಅದರ ಒಂದು ಗ್ರಾಂನಲ್ಲಿರುವ ಸೂಕ್ಷ್ಮ ರಂಧ್ರಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್ ಮೀರಬಹುದು. ಕಾರು ನಿಂತಿರುವಾಗ ಆವಿ ಅಲ್ಲಿ ಅಂಟಿಕೊಳ್ಳುತ್ತದೆ. ಎಂಜಿನ್ ಓಡುವಾಗ ಅದನ್ನು ಎಳೆದುಕೊಂಡು ಉರಿಸಿಬಿಡುತ್ತದೆ. ನನಗಂತೂ ಇಡೀ ಕಾರಿನಲ್ಲಿ ಅತಿ ಚೆಂದದ ಏರ್ಪಾಡು ಇದೇ ಅನಿಸುತ್ತದೆ. ಆದರೆ ಮುಚ್ಚಳ ಸಡಿಲವಾಗಿದ್ದರೆ ಆವಿ ಇದ್ದಿಲಿನ ತನಕ ಹೋಗುವುದೇ ಇಲ್ಲ, ಸಿಕ್ಕ ಸಂದಿಯಲ್ಲಿ ಆಚೆ ಹೋಗುತ್ತದೆ.

ಬಿಗಿಯಾಗಿದ್ದರೆ ಸಾಕೇ? ಸಾಲದು. ಪೆಟ್ರೋಲ್ ಖರ್ಚಾದಷ್ಟೂ ಟ್ಯಾಂಕಿನೊಳಗೆ ಗಾಳಿ ಬರಬೇಕು. ಪ್ಲಾಸ್ಟಿಕ್ ಬಾಟಲಿಗೆ ಬಾಯಿ ಹಚ್ಚಿ ಹೀರಿದರೆ ಅದರ ಪಕ್ಕಗಳು ಒಳಕ್ಕೆ ಕುಸಿಯುತ್ತವಲ್ಲ, ಗಾಳಿ ಬಾರದಿದ್ದರೆ ಟ್ಯಾಂಕಿನ ಗತಿಯೂ ಅದೇ. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಟ್ಯಾಂಕ್ ಎಂದುಕೊಳ್ಳಿ. ಒಳಗಿನ ಒತ್ತಡ ಹೊರಗಿನದಕ್ಕಿಂತ ಹತ್ತನೇ ಒಂದು ಪಾಲು ಕಡಿಮೆಯಾದರೂ ಅದರ ಮೇಲ್ಭಾಗದ ಮೇಲೆ 250 ಕಿಲೋ ಹೇರಿದಂತೆ. ಈಗಿನ ಕಾರುಗಳಲ್ಲಿ ಗಾಳಿ ಸಾಮಾನ್ಯವಾಗಿ ಇದ್ದಿಲಿನ ಡಬ್ಬಿಯ ದಾರಿಯಲ್ಲೇ ಬರುತ್ತದೆ. ಆ ದಾರಿ ಕಟ್ಟಿಕೊಂಡರೆ ಇರಲಿ ಎಂದು ಮುಚ್ಚಳದೊಳಗೆ ಸ್ಪ್ರಿಂಗಿನ ಪುಟ್ಟ ವಾಲ್ವ್ ಇಟ್ಟಿರುತ್ತಾರೆ.

ಆದ್ದರಿಂದಲೇ ಹೊಸ ಮುಚ್ಚಳ ಕೊಳ್ಳುವಾಗ ಥ್ರೆಡ್ ಕೂತಿತು ಎಂದಷ್ಟೇ ನೋಡಿ ಒಪ್ಪಬೇಡಿ. ರಂಧ್ರವಿರುವ ಹಳೆಯ ಕಾಲದ ಮುಚ್ಚಳವೂ ರಂಧ್ರವಿಲ್ಲದ ಹೊಸದೂ ಒಂದೇ ಕುತ್ತಿಗೆಗೆ ಸಲೀಸಾಗಿ ಕೂರಬಹುದು. ಮೊದಲನೆಯದನ್ನು ಹೊಸ ಕಾರಿಗೆ ಹಾಕಿದರೆ ಆವಿ ಸೋರುತ್ತದೆ. ಎರಡನೆಯದನ್ನು ಹಳೆಯ ಕಾರಿಗೆ ಹಾಕಿದರೆ ಗಾಳಿ ಸಾಲದೆ ಸ್ವಲ್ಪ ದೂರ ಓಡಿದ ಮೇಲೆ ಎಂಜಿನ್ ಮುಗ್ಗರಿಸಿ ನಿಲ್ಲಬಹುದು. ಕಾರಿನ ಮಾದರಿ, ವರ್ಷ ಹೇಳಿ ಅದಕ್ಕೆಂದೇ ಮಾಡಿದ್ದನ್ನು ತರುವುದು ಒಳ್ಳೆಯದು.

ಹೆಚ್ಚಿನ ಸಲ ಕೆಡುವುದು ಮುಚ್ಚಳದ ರಬ್ಬರ್ ಉಂಗುರ. ವರ್ಷಗಟ್ಟಲೆ ಒತ್ತಿಸಿಕೊಂಡು ಚಪ್ಪಟೆಯಾಗಿ ಮತ್ತೆ ಉಬ್ಬುವ ಗುಣ ಕಳೆದುಕೊಳ್ಳುತ್ತದೆ, ಬಿರುಕು ಬಿಡುತ್ತದೆ. ಬೆರಳಿನಿಂದ ಬಾಗಿಸಿ ನೋಡಿದರೆ ಗೊತ್ತಾಗುತ್ತದೆ.

ಬದಲಿಸುವ ಕೆಲಸ ಸುಲಭ. ಆದರೆ ಎಚ್ಚರಿಕೆಯಲ್ಲಿ ರಿಯಾಯಿತಿ ಇಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಪೆಟ್ರೋಲಿನ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಅದು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ನೆಲದ ಮಟ್ಟದಲ್ಲೇ ಹರಡಿ ದೂರದ ಬೆಂಕಿಯನ್ನೂ ಮುಟ್ಟೀತು. ಮುಚ್ಚಿದ ಗ್ಯಾರೇಜ್ ಬೇಡ, ಬಯಲಲ್ಲಿ ಮಾಡಿ. ಎಂಜಿನ್ ಆರಿಸಿ, ಸುತ್ತ ಬೆಂಕಿಯಿಲ್ಲವೆಂದು ನೋಡಿಕೊಂಡು, ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲು ಮೊದಲು ಕಾರಿನ ಬರಿಯ ಲೋಹದ ಭಾಗ ಮುಟ್ಟಿ. ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿ ತೆಗೆಯಿರಿ. ಅದು ಬಿದ್ದುಹೋಗದಂತೆ ಕಟ್ಟಿರುವ ಪಟ್ಟಿಯ ತುದಿಯಲ್ಲಿ ಪ್ಲಾಸ್ಟಿಕ್ ಗುಬ್ಬಿ ಇರುತ್ತದೆ. ಕೆಲವು ಕಾರುಗಳಲ್ಲಿ ಅದನ್ನು ತಿರುಗಿಸಬೇಕು, ಕೆಲವುಗಳಲ್ಲಿ ಎಳೆದರೆ ಬರುತ್ತದೆ. ಹೊಸದರ ಗುಬ್ಬಿಯನ್ನು ಅದೇ ತೂತಿಗೆ ಒತ್ತಿ ಕೂರಿಸಿ. ಮುಚ್ಚುವ ಮುನ್ನ ಕುತ್ತಿಗೆಯ ಅಂಚನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ. ಅಂಚು ತುಕ್ಕು ಹಿಡಿದು ಒರಟಾಗಿದ್ದರೆ ಎಷ್ಟೇ ಒಳ್ಳೆಯ ರಬ್ಬರ್ ಆದರೂ ಕೂರುವುದಿಲ್ಲ.

ಕೊನೆಗೆ ಕೇಳುವ ಟಿಕ್ ಟಿಕ್ ಸದ್ದಿಗೂ ಅರ್ಥವಿದೆ. ರಬ್ಬರ್ ಬೇಕಾದಷ್ಟು ಒತ್ತಿದೊಡನೆ ಒಳಗಿನ ಹಲ್ಲುಗಳು ಜಾರಿ, ಅದಕ್ಕಿಂತ ಹೆಚ್ಚು ಬಲ ಬೀಳದಂತೆ ತಡೆಯುತ್ತವೆ. ಎಷ್ಟು ಟಿಕ್ ಬೇಕೆಂದು ಎಷ್ಟೋ ಮುಚ್ಚಳಗಳ ಮೇಲೆಯೇ ಬರೆದಿರುತ್ತದೆ.

ಚೆಕ್ ಎಂಜಿನ್ ದೀಪ ಹೊತ್ತಿದ್ದಕ್ಕೆ ಮುಚ್ಚಳ ಬದಲಿಸಿದ್ದರೆ ತಾಳ್ಮೆ ಬೇಕು. ಕಾರಿನ ಕಂಪ್ಯೂಟರಿನಿಂದ ದೋಷದ ಸಂಕೇತ ಓದುವ ಸ್ಕ್ಯಾನರಿನಲ್ಲಿ ಪಿ0457 ಎಂದು ಬಂದರೆ ಮುಚ್ಚಳ ಸಡಿಲವಾಗಿರಬಹುದೆಂಬ ಸೂಚನೆ. ಅಮೆರಿಕದ ನಿಯಮದಂತೆ 1996ರಿಂದ ಕಾರಿನ ಕಂಪ್ಯೂಟರು ಒಂದು ಮಿಲಿಮೀಟರ್ ತೂತಿನಷ್ಟು ಸೋರಿಕೆಯನ್ನೂ ಪತ್ತೆ ಮಾಡಬೇಕಾಯಿತು, ಮುಂದೆ ಮಿತಿ ಅರ್ಧ ಮಿಲಿಮೀಟರಿಗೆ ಇಳಿಯಿತು. ಈ ಪರೀಕ್ಷೆ ನಡೆಯಲು ಟ್ಯಾಂಕ್ ತೀರಾ ತುಂಬಿರಬಾರದು, ತೀರಾ ಖಾಲಿಯೂ ಇರಬಾರದು, ಎಂಜಿನ್ ತಣ್ಣಗಿದ್ದು ಚಾಲೂ ಆಗಬೇಕು. ಹಾಗಾಗಿ ದೀಪ ಆರಲು ಕೆಲವು ದಿನ ಹಿಡಿಯುತ್ತದೆ. ಆಮೇಲೂ ಆರದಿದ್ದರೆ ಇನ್ನೊಂದು ಮುಚ್ಚಳ ಕೊಳ್ಳಲು ಹೋಗಬೇಡಿ. ಸೋರಿಕೆ ಕೊಳವೆಯಲ್ಲೋ ಇದ್ದಿಲು ಡಬ್ಬಿಯ ವಾಲ್ವಿನಲ್ಲೋ ಇರಬಹುದು. ಮೆಕ್ಯಾನಿಕ್ ಹತ್ತಿರ ಹೊಗೆ ಪರೀಕ್ಷೆ ಮಾಡಿಸಿ. ವ್ಯವಸ್ಥೆಯೊಳಗೆ ಹಗುರವಾದ ಒತ್ತಡದಲ್ಲಿ ಹೊಗೆ ತುಂಬಿದರೆ, ಸೋರುವ ಜಾಗದಿಂದ ಅದು ಹೊರಗೆ ಬಂದು ಕಣ್ಣಿಗೆ ಕಾಣುತ್ತದೆ.