ವೇಬ್ರಿಡ್ಜ್ ಮೇಲೆ ಮಂಡಕ್ಕಿ

ಹೋದ ವಾರ ಪರಿಚಯದ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಿದ್ದ. "ಸರ್, ಮೆಸೇಜ್ ಕಳಿಸೋಕೆ ನಮ್ಮ ಕೋಡ್‌ಗೆ ಟೈಮೇ ಹಿಡಿಯಲ್ಲ" ಅಂತ ಪಟ್ಟಿ ತೋರಿಸಿದ. ಸಾಲು ಸಾಲು 0, ಸಾವಿರಾರು ಸೊನ್ನೆಗಳ ನಡುವೆ ಎಲ್ಲೋ ಒಂದು 16, ಇಲ್ಲವೇ 15. ಎಲ್ಲ ಮಿಲಿಸೆಕೆಂಡು. ಆ 16 ಬಂದಾಗೆಲ್ಲ ನೆಟ್‌ವರ್ಕ್ ಕೈಕೊಟ್ಟಿದೆ ಅಂತ ಅವನೇ ತೀರ್ಮಾನಿಸಿಬಿಟ್ಟಿದ್ದ.

ಕೈಕೊಟ್ಟಿದ್ದು ಗಡಿಯಾರ. ಅಳೆದಿದ್ದು ವಿಂಡೋಸ್‌ನ ಗೆಟ್‌ಟಿಕ್‌ಕೌಂಟ್‌ನಿಂದ, ಅಂದರೆ ಕಂಪ್ಯೂಟರ್ ಶುರುವಾಗಿ ಎಷ್ಟು ಮಿಲಿಸೆಕೆಂಡಾಯಿತು ಅಂತ ಹೇಳುವ ಗಡಿಯಾರದಿಂದ. ಅದು ಸಾಮಾನ್ಯವಾಗಿ ಸೆಕೆಂಡಿಗೆ 64 ಸಲ ಮಾತ್ರ ಮುಂದಕ್ಕೆ ಹೋಗುತ್ತದೆ. ನಡುವೆ ಎಷ್ಟು ಸಲ ಕೇಳಿದರೂ ಹಳೇ ಅಂಕಿಯನ್ನೇ ಕೊಡುತ್ತದೆ, ಮುಂದಕ್ಕೆ ಹೋದಾಗ ಒಮ್ಮೆಲೇ 15 ಇಲ್ಲವೇ 16 ಮಿಲಿಸೆಕೆಂಡು ಜಿಗಿಯುತ್ತದೆ. ನಮ್ಮ ದಾವಣಗೆರೆಯಲ್ಲಿ ಮೆಕ್ಕೆಜೋಳದ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಒಂದು ಸೇರು ಮಂಡಕ್ಕಿ ಇಟ್ಟ ಹಾಗೆ. ಸೊನ್ನೆ ತೋರಿಸಿತು ಅಂತ ಮಂಡಕ್ಕಿಗೆ ತೂಕವೇ ಇಲ್ಲ ಅನ್ನೋಕಾಗುತ್ತಾ?

ಸರಿ, ಸಿ ಪ್ಲಸ್ ಪ್ಲಸ್ ಭಾಷೆಯ ಸ್ಟೆಡಿ ಕ್ಲಾಕ್ ಅನ್ನೋ ಇನ್ನೂ ಸೂಕ್ಷ್ಮ ಗಡಿಯಾರಕ್ಕೆ ಬದಲಾಯಿಸಲು ಹೇಳಿದೆ. "ಈಗ ನ್ಯಾನೋಸೆಕೆಂಡ್, ಸೆಕೆಂಡಿನ ನೂರು ಕೋಟಿಯ ಒಂದು ಪಾಲು ಬಂತು ಸರ್!" ಇದೇ ನನ್ನ ತಲೆ ಕೆಡಿಸುವ ಮಾತು. ಕೊನೆಯ ಎರಡು ಅಂಕಿ ನೋಡಪ್ಪಾ ಅಂದೆ. ಪ್ರತಿ ಸಲವೂ 00. ಅವನ ಲ್ಯಾಪ್‌ಟಾಪ್‌ನಲ್ಲಿ ಆ ಗಡಿಯಾರದ ಹೆಜ್ಜೆ, ಅಂದರೆ ಒಂದು ಸಲಕ್ಕೆ ಮುಂದೆ ಹೋಗುವ ದೂರ, 100 ನ್ಯಾನೋಸೆಕೆಂಡು. ಬರೆಯುವ ಅಂಕಿ ಸಣ್ಣದಾದರೆ ಹೆಜ್ಜೆ ಸಣ್ಣದಾಗುವುದಿಲ್ಲ.

ಆದ್ದರಿಂದ ಮೊದಲು ಗಡಿಯಾರವನ್ನೇ ಅಳೆಯಿರಿ. ನಡುವೆ ಏನೂ ಮಾಡದೆ ಅದನ್ನು ಒಂದು ಕೋಟಿ ಸಲ ಓದಿ. ಒಟ್ಟು ಸಮಯವನ್ನು ಕೋಟಿಯಿಂದ ಭಾಗಿಸಿದರೆ ಒಂದು ಸಲ ಓದುವ ಖರ್ಚು ಸಿಕ್ಕಿತು. ಒಂದರ ಹಿಂದೊಂದು ಓದಿದ ಅಂಕಿಗಳ ವ್ಯತ್ಯಾಸವನ್ನೂ ನೋಡಿ. ಅವನ ಲ್ಯಾಪ್‌ಟಾಪ್‌ನಲ್ಲಿ ನಾಲ್ಕರಲ್ಲಿ ಮೂರು ಸೊನ್ನೆ, ಒಂದು 100. ಖರ್ಚು ಸುಮಾರು 25 ನ್ಯಾನೋಸೆಕೆಂಡು, ನಾಲ್ಕು ಸಲ ಓದಿದರೆ ಒಂದು ಹೆಜ್ಜೆ. ಲೆಕ್ಕ ಕೂಡಿತಲ್ವಾ? ಸೊನ್ನೆಯೇ ಬರದಿದ್ದರೆ ಹುಷಾರು: ಆಗ ಓದುವ ಖರ್ಚೇ ಹೆಜ್ಜೆಗಿಂತ ಜಾಸ್ತಿ ಇರಬಹುದು. ಅತಿ ಸಣ್ಣ ವ್ಯತ್ಯಾಸವನ್ನು ಹೆಜ್ಜೆ ಅಂತ ಬರೆದುಕೊಳ್ಳಬೇಡಿ.

ಈ ಖರ್ಚು ಮೆಷಿನ್‌ನಿಂದ ಮೆಷಿನ್‌ಗೆ ಬೇರೆ. ಲಿನಕ್ಸ್ ಟಿಎಸ್‌ಸಿ, ಅಂದರೆ ಪ್ರೊಸೆಸರ್‌ನೊಳಗಿನ ಎಣಿಕೆ ಬಳಸುತ್ತಿದ್ದರೆ ಹತ್ತಾರು ನ್ಯಾನೋಸೆಕೆಂಡು. ಲಿನಕ್ಸ್‌ನ ತಿರುಳಾದ ಕರ್ನೆಲ್ ಅದನ್ನು ನಂಬದೆ ಎಚ್‌ಪಿಇಟಿ ಅನ್ನೋ ಪ್ರೊಸೆಸರ್‌ ಕೋರ್‌ನ ಹೊರಗಿನ ಟೈಮರ್‌ಗೆ ಹೋದರೆ ಒಂದು ಮೈಕ್ರೋಸೆಕೆಂಡ್ (ಸಾವಿರ ನ್ಯಾನೋಸೆಕೆಂಡು) ದಾಟುವುದೂ ಉಂಟು. ಒಮ್ಮೆ ಸರ್ವರ್ ರೀಸ್ಟಾರ್ಟ್ ಆದಮೇಲೆ ಎಲ್ಲ ಅಂಕಿ ಏರಿದವು ಅಂತ ಮೂರು ದಿನ ಸುಮ್ನೆ ಕೋಡ್ ಜಾಲಾಡಿದ್ದೆವು. ಈಗ ಯಾವ ಗಡಿಯಾರ ಬಳಕೆಯಲ್ಲಿದೆ ಅಂತ ಹೇಳುವ ಕರೆಂಟ್ ಕ್ಲಾಕ್‌ಸೋರ್ಸ್ ಫೈಲ್ ತೆರೆದಿದ್ದರೆ ಒಂದೇ ಪದದಲ್ಲಿ ಉತ್ತರವಿತ್ತು.

ಹುಡುಗನ ಕೋಡ್ ನಿಜಕ್ಕೂ ಚೆನ್ನಾಗಿತ್ತು. ಒಂದು ಲಕ್ಷ ಸಲ ಓಡಿಸಿ ಸರಾಸರಿ ತೆಗೆದೆವು, ಒಂದು ಸಲಕ್ಕೆ ಎಂಟು ಮೈಕ್ರೋಸೆಕೆಂಡಿನ ಆಸುಪಾಸು. "ಹಾಗಾದ್ರೆ ಆ 16?" ಅಂತ ಮೆಲ್ಲಗೆ ಕೇಳಿದ. ನೆಟ್‌ವರ್ಕ್‌ನವರ ಮೇಲೆ ದೂರಿನ ಮೇಲ್ ಬೆಳಿಗ್ಗೆಯೇ ಹೋಗಿತ್ತಂತೆ.