ಬಿದ್ರಿ ತೊಳೆದ ನೀರಿನಿಂದ ತಾಮ್ರ ಬಿಡಿಸುವ ಉಂಗುರ

ಸತು-ತಾಮ್ರದ ಪಾತ್ರೆಗೆ ಬೆಳ್ಳಿ ಕೂರಿಸುವ ಬೀದರಿನ ಬಿದ್ರಿ ಕೆಲಸದಲ್ಲಿ ಕೊರೆಯುವ ಗೆರೆ ಎದ್ದು ಕಾಣಲೆಂದು ಪಾತ್ರೆಗೆ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಸವರುತ್ತಾರೆ. ಸತು ಕರಗಿ ನೀರಿಗಿಳಿಯುತ್ತದೆ, ತಾಮ್ರ ಮೇಲೆ ಕಪ್ಪಗೆ ಕೂರುತ್ತದೆ. ಹಾಗಾಗಿ ತೊಳೆದ ನೀರಿನಲ್ಲಿ ಸತುವೂ ಮಿಕ್ಕ ತಾಮ್ರವೂ ಇರುತ್ತವೆ. ಬೆಳ್ಳಿ ಅರದ ಪುಡಿಯಲ್ಲಿರುತ್ತದೆ, ಸೋಸಿದರೆ ಸಿಗುತ್ತದೆ.

ತಾಮ್ರವನ್ನು ಸತುವಿನಿಂದ ಬೇರ್ಪಡಿಸಲು ಮ್ಯಾಕ್ರೋಸೈಕಲ್ ಎಂಬ ಉಂಗುರದಾಕಾರದ ಅಣುವನ್ನು ರಾಳದ ಮಣಿಗಳಿಗೆ ಕೂಡಿಸಿ ಕೊಳವೆಯಲ್ಲಿ ತುಂಬುತ್ತಾರೆ. ಉಂಗುರದ ಸಾರಜನಕ, ಗಂಧಕದ ಪರಮಾಣುಗಳು ಲೋಹದ ಅಯಾನನ್ನು ಸುತ್ತುವರಿದು ಹಿಡಿಯುತ್ತವೆ. ಬಿಗಿಯಾಗಿ ಹಿಡಿಯುವುದೇ ಒಳ್ಳೆಯದೆಂದು ಸೈಕ್ಲಾಮ್ ಆರಿಸುವವರಿದ್ದಾರೆ. ಅದು ತಪ್ಪು. ನಾಲ್ಕು ಸಾರಜನಕಗಳ ಆ ಉಂಗುರಕ್ಕೆ ಸಿಕ್ಕ ತಾಮ್ರ ಗಟ್ಟಿ ಆಮ್ಲ ಸುರಿದರೂ ಬೇಗ ಹೊರಬರದು. ಬಿಡದ ಉಂಗುರ ಒಂದೇ ಸಲದ ಸಾಮಾನು. ಗಂಧಕ ಬೆರೆತ ಉಂಗುರ ನಮಗೆ ಲೇಸು.

ಕೊಳ್ಳುವ ಮುನ್ನ ಹೀಗೆ ನೋಡಿ: 1 ಗ್ರಾಂ ರಾಳವನ್ನು 100 ಮಿಲಿ ತೊಳೆದ ನೀರಿನಲ್ಲಿ ಒಂದು ಗಂಟೆ ಅಲುಗಿಸಿ, ಸೋಸಿ, ನೀರಿನಲ್ಲಿ ಎಷ್ಟು ತಾಮ್ರ ತಗ್ಗಿತೆಂದು ಅಳೆಯಿರಿ. ಅದೇ ರಾಳಕ್ಕೆ 10 ಮಿಲಿ ನೀರು ಬೆರೆಸಿ ತೆಳುಮಾಡಿದ ಗಂಧಕಾಮ್ಲ ಹಾಕಿ, ಹಿಡಿದದ್ದರಲ್ಲಿ ಎಷ್ಟು ಮರಳಿತೆಂದು ಮತ್ತೆ ಅಳೆಯಿರಿ. ಐದು ಸುತ್ತು ಮಾಡಿ. ಪ್ರತಿ ಸುತ್ತಿಗೂ ಇಳುವರಿ ಕುಸಿದರೆ ಆ ರಾಳ ಬೇಡ. ಆಮ್ಲ ತಯಾರಿಗೆ ಲೀಟರಿಗೆ ಸುಮಾರು 55 ಮಿಲಿ ಗಟ್ಟಿ ಗಂಧಕಾಮ್ಲ ಸಾಕು. ಆಮ್ಲವನ್ನೇ ನೀರಿಗೆ ಹನಿಹನಿಯಾಗಿ ಬಿಡಬೇಕು, ನೀರನ್ನು ಆಮ್ಲಕ್ಕಲ್ಲ.

ಕೊಳವೆ ಕೆಡುವುದು ಹೆಚ್ಚಾಗಿ ಸತುವಿನ ಪುಡಿಯಿಂದ. ಸೋಸುವುದು ಅರೆಬರೆಯಾದರೆ ಆ ಪುಡಿ ರಾಳದ ನೆತ್ತಿಯಲ್ಲಿ ಕೂತು, ನೀರಿನ ತಾಮ್ರವನ್ನೆಳೆದು ಕೆಂಪು-ಕಂದು ಪದರ ಕಟ್ಟುತ್ತದೆ. ನೀರು ಇಳಿಯುವುದೇ ಇಲ್ಲ. 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸದೆ ನೀರನ್ನು ಕೊಳವೆಗೆ ಹಾಯಿಸಬೇಡಿ. ಪಿಎಚ್ 4ರಿಂದ 5ರೊಳಗಿರಲಿ: ತೀರಾ ಹುಳಿಯಾದರೆ ಸಾರಜನಕಕ್ಕೆ ಪ್ರೋಟಾನ್ ಅಂಟಿ ಹಿಡಿತ ತಪ್ಪುತ್ತದೆ, 6 ದಾಟಿದರೆ ತಾಮ್ರ ಗಸಿಯಾಗುತ್ತದೆ. ಲೀಟರ್ ರಾಳಕ್ಕೆ ಗಂಟೆಗೆ 5 ಲೀಟರಿನಿಂದ ಆರಂಭಿಸಿ. ಸಯನೈಡ್ ಇರುವ ಮುಲಾಮಿನ (ಲೋಹಲೇಪನದ) ನೀರಿಗೆ ಆಮ್ಲ ಸೋಕಿಸಲೇಬೇಡಿ, ಪ್ರಾಣಾಂತಕ ಅನಿಲ ಏಳುತ್ತದೆ.

ಕೊನೆಗೆ ಪಾತ್ರೆ ಕಪ್ಪಾಗಲೆಂದು ಬೀದರ್ ಕೋಟೆಯ ಮಣ್ಣು, ನವಸಾಗರದಲ್ಲಿ (ಅಮೋನಿಯಂ ಕ್ಲೋರೈಡ್) ಕುದಿಸಿದ ನೀರನ್ನು ಬೇರೆ ಪೀಪಾಯಿಯಲ್ಲೇ ಇಡಿ. ಅದಕ್ಕೆ ಸುಣ್ಣ ಹಾಕಿದೊಡನೆ ಅಮೋನಿಯಾ ಎದ್ದು ಸತುವನ್ನು ಕರಗಿದ ಸ್ಥಿತಿಯಲ್ಲೇ ಇಡುತ್ತದೆ. ಕೊಳವೆ ದಾಟಿದ ನೀರಿನ ಸತುವಾದರೆ ಪಿಎಚ್ 9ರ ಸುಮಾರಿಗೆ ಸುಣ್ಣದಿಂದ ತಳ ಸೇರುತ್ತದೆ. ಹಳ್ಳಕ್ಕೆ ಬಿಡುವ ನೀರಿನಲ್ಲಿ ಲೀಟರಿಗೆ ತಾಮ್ರ 3 ಮಿಗ್ರಾಂ, ಸತು 5 ಮಿಗ್ರಾಂ ಮಿತಿ. ಆಮ್ಲದಿಂದ ಇಳಿದ ನೀಲಿ ನೀರನ್ನು ಕಾಯಿಸಿ ಆರಿಸಿದರೆ ಮೈಲುತುತ್ತದ ಹರಳು ಮರಳಿ ಬರುತ್ತದೆ.